ರೇಸ್ ಕೊಟ್ಟರೆ ಸ್ಕೂಟರ್ ಉಸಿರು ಕಟ್ಟುತ್ತದೆ, ಅದೂ ಮೂರು ನಾಲ್ಕು ಕಿಲೋಮೀಟರ್ ಆದ ಮೇಲೆ

ಮೇಗರವಳ್ಳಿ ಮಳೆ:

ನಮಸ್ಕಾರ ಎಲ್ಲರಿಗೂ. ಮೂರು ತಿಂಗಳಿಂದ ಈ ಗಾಡಿ ಹಿಂದೆ ಬಿದ್ದು ತಲೆ ಕೆಟ್ಟು ಹೋಗಿದೆ. ಗೊತ್ತಿದ್ದವರು ದಾರಿ ಹೇಳಿ.

ನಮ್ಮದು 2013ರ 110 ಸಿಸಿ ಸ್ಕೂಟರ್. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇದು, ಕೈಯಲ್ಲಿ ಎಳೆಯುವ ಚೋಕ್ ಇದೆ, ಟ್ಯಾಂಕ್ ಸೀಟಿನ ಕೆಳಗೆ. 61 ಸಾವಿರ ಓಡಿದೆ. ಮನೆ ಮೇಗರವಳ್ಳಿಯಿಂದ ಸ್ವಲ್ಪ ಒಳಗೆ, ಹಾಗಾಗಿ ಎಲ್ಲಿಗೆ ಹೋಗಬೇಕಾದರೂ ಒಂದು ಏರು ಇದ್ದೇ ಇರುತ್ತದೆ.

ಬೆಳಿಗ್ಗೆ ಸೆಲ್ಫ್ ಬಟನ್ ಒಂದು ಸಲ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಸ್ಲೋದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮೊದಲಿನ ಪಿಕಪ್ ಇಲ್ಲ, 60 ದಾಟುವುದಿಲ್ಲ, ಆದರೂ ಮೂರು ನಾಲ್ಕು ಕಿಲೋಮೀಟರ್ ಹೇಗೋ ಓಡುತ್ತದೆ. ಆಮೇಲೆ ಶುರು. ಏರಿನಲ್ಲಿ ರೇಸ್ ಕೊಟ್ಟ ಕೂಡಲೇ ಬೊ...ವ್ ಅಂತ ದನಿ ಇಳಿದು, ಹಿಂದಿನಿಂದ ಯಾರೋ ಕ್ಯಾರಿಯರ್ ಹಿಡಿದು ಎಳೆದ ಹಾಗೆ ಆಗುತ್ತದೆ. ರೇಸ್ ಬಿಟ್ಟರೆ ಸ್ವಲ್ಪ ಚೇತರಿಸಿಕೊಂಡು 25ರಲ್ಲಿ ತೆವಳುತ್ತದೆ, ಮತ್ತೆ ಕೊಟ್ಟರೆ ಮತ್ತೆ ಅದೇ ಕಥೆ, ಕೆಲವು ಸಲ ಪೂರ್ತಿ ಆಫ್. ಬದಿಗೆ ನಿಲ್ಲಿಸಿ ಟೀ ಕುಡಿದು ಬಂದರೆ ಏನೂ ಆಗಿಲ್ಲ ಅನ್ನುವ ಹಾಗೆ ಹೊರಡುತ್ತದೆ. ಮತ್ತೆ ಮೂರು ಕಿಲೋಮೀಟರ್.

ಇನ್ನೊಂದು ವಿಚಿತ್ರ ಇದೆ, ಹೇಳಿದರೆ ನಗಬೇಡಿ. ಟ್ಯಾಂಕ್ ಫುಲ್ ಮಾಡಿಸಿದ ದಿನ ಬೇಗ ನಿಲ್ಲುತ್ತದೆ. ಮುಳ್ಳು ಕೆಂಪಿಗೆ ಬಂದಾಗ ಆರಾಮಾಗಿ ತೀರ್ಥಹಳ್ಳಿ ಮುಟ್ಟುತ್ತದೆ.

ಇಷ್ಟು ಮಾಡಿಸಿದ್ದೇನೆ: ಹೊಸ ಪ್ಲಗ್ (ಹಳೇದು ಮಸಿ ಹಿಡಿದು ಕಪ್ಪಗಿತ್ತು), ಹೊಸ ಏರ್ ಫಿಲ್ಟರ್, ಕಾರ್ಬುರೇಟರ್ ಎರಡು ಸಲ ಬಿಚ್ಚಿ ಕ್ಲೀನ್. 1,900 ರೂಪಾಯಿ ಹೋಯಿತು. ಮೈಲೇಜ್ 45 ಇದ್ದದ್ದು 36ಕ್ಕೆ ಬಂದಿದೆ. ಈಗ ಪೇಟೆಯ ಒಂದು ಗ್ಯಾರೇಜಿನಲ್ಲಿ ‘ಬೋರಿಗೆ ಬಂದಿದೆ, ಬಿಟ್ಟು ಹೋಗಿ’ ಅಂದಿದ್ದಾರೆ, ಅಂದರೆ ಎಂಜಿನ್ ಬಿಚ್ಚಿ ಸವೆದ ಸಿಲಿಂಡರ್ ಕೊರೆಸಬೇಕಂತೆ. ಬಿಟ್ಟು ಹೋಗಲಾ? ಅಡಿಕೆ ಕೊಯ್ಲು ಶುರುವಾಗಿದೆ, ಗಾಡಿ ಇಲ್ಲದೆ ಒಂದು ದಿನವೂ ಆಗುವುದಿಲ್ಲ.

ಗೋಪಾಳ ರೈಡರ್:

ಬ್ರೋ ಬೆಲ್ಟ್ ಮತ್ತು ರೋಲರ್ ನೋಡಿಸಿ. 61 ಸಾವಿರಕ್ಕೆ ಬೆಲ್ಟ್ ಸವೆದಿರುತ್ತದೆ. ನನ್ನ ಗಾಡಿಯಲ್ಲೂ ಹೀಗೇ ಏರಿನಲ್ಲಿ ಎಳೆಯುತ್ತಿರಲಿಲ್ಲ, ಬೆಲ್ಟ್ ಹಾಕಿಸಿದ ಮೇಲೆ ಸರಿ ಹೋಯಿತು. ಇಲ್ಲಾಂದ್ರೆ ಮಾರಿ ಎಲೆಕ್ಟ್ರಿಕ್ ತಗೊಳ್ಳಿ, ಈ ಕಾರ್ಬುರೇಟರ್ ತಲೆನೋವೇ ಬೇಡ.

ಮೇಗರವಳ್ಳಿ ಮಳೆ:

ಎಲೆಕ್ಟ್ರಿಕ್ಕಾ! ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ ಮಾರಾಯ್ರೆ. ಮೊಬೈಲ್ ಚಾರ್ಜಿಗೇ ಗತಿ ಇಲ್ಲ.

ಪಾನಾ ಹತ್ತು ಹನ್ನೆರಡು:

ಬೋರ್ ಮಾಡಿಸಬೇಡಿ. ಬೆಲ್ಟೂ ಸದ್ಯಕ್ಕೆ ಬೇಡ. ನಾನು ತೀರ್ಥಹಳ್ಳಿ ಕಡೆಯವನು, 22 ವರ್ಷದಿಂದ ಇದೇ ಕೆಲಸ.

ಗೋಪಾಳದವರು ಹೇಳಿದ್ದು ಸುಳ್ಳಲ್ಲ, ಬೆಲ್ಟ್ ಸವೆದರೂ ಗಾಡಿ ಏರು ಹತ್ತುವುದಿಲ್ಲ. ಆದರೆ ಬೆಲ್ಟೋ ಕ್ಲಚ್ಚೋ ಜಾರಿದರೆ ಎಂಜಿನ್ ಕೂಗುತ್ತದೆ, ಚಕ್ರಕ್ಕೆ ಬಲ ಬರುವುದಿಲ್ಲ. ದನಿ ಮೇಲೆ, ಗಾಡಿ ಕೆಳಗೆ. ಇವರದ್ದರಲ್ಲಿ ದನಿಯೇ ಕೆಳಗೆ ಬೀಳುತ್ತಿದೆ. ಅಂದರೆ ಎಂಜಿನ್ನೇ ಸೋಲುತ್ತಿದೆ. ಗ್ಯಾರೇಜಿಗೆ ಬಂದವರಿಗೆ ನಾನು ಮೊದಲು ಕೇಳುವುದು ಇದೇ, ದನಿ ಏರುತ್ತಾ ಇಳಿಯುತ್ತಾ ಅಂತ. ಹತ್ತರಲ್ಲಿ ಎಂಟು ಜನ ಯೋಚನೆ ಮಾಡಿ ‘ಗೊತ್ತಿಲ್ಲ’ ಅನ್ನುತ್ತಾರೆ. ನೀವು ಕೇಳಿಸಿಕೊಂಡು ಬರೆದಿದ್ದೀರಿ, ಅರ್ಧ ಕೆಲಸ ಮುಗಿಯಿತು.

ಇನ್ನು ಬೋರ್. ಪಿಸ್ಟನ್ ರಿಂಗ್ ಹೋಗಿದ್ದರೆ ನೀಲಿ ಹೊಗೆ ಬರುತ್ತದೆ, ಎಂಜಿನ್ ಆಯಿಲ್ ಕಮ್ಮಿ ಆಗುತ್ತದೆ, ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ. ಯಾವುದೂ ನೀವು ಹೇಳಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ರಿಂಗ್ ಸರಿ ಹೋಗುವುದೂ ಇಲ್ಲ, ಅಲ್ವಾ?

ನನಗೆ ಕಿವಿ ನಿಮಿರಿದ್ದು ಟ್ಯಾಂಕ್ ವಿಷಯಕ್ಕೆ. ನಗುವ ಮಾತಲ್ಲ ಅದು. ಅಂಗಡಿಯಿಂದ ಎಣ್ಣೆ ಡಬ್ಬ ತಂದರೆ ಒಂದೇ ತೂತು ಹೊಡೆಯುತ್ತೀರಾ? ಹೊಡೆದರೆ ಗುಳುಗುಳು ಅಂತ ನಾಲ್ಕು ಹನಿ ಬಂದು ನಿಲ್ಲುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದ ಮೇಲೆ ಧಾರೆಯಾಗಿ ಬರುತ್ತದೆ. ಪೆಟ್ರೋಲ್ ಟ್ಯಾಂಕೂ ಅಷ್ಟೇ. ಒಳಗಿಂದ ಪೆಟ್ರೋಲ್ ಹೋದಷ್ಟೂ ಹೊರಗಿಂದ ಗಾಳಿ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಸಣ್ಣ ದಾರಿ ಬಿಟ್ಟಿರುತ್ತಾರೆ. ಅದು ಕಟ್ಟಿದರೆ ಒಳಗೆ ಎಳೆತ ಹುಟ್ಟಿ ಪೆಟ್ರೋಲ್ ಇಳಿಯುವುದೇ ಇಲ್ಲ. ಸ್ಲೋದಲ್ಲಿ ಬೇಕಾದ್ದು ಹನಿ ಲೆಕ್ಕ, ಹೇಗೋ ನಡೆಯುತ್ತದೆ. ರೇಸ್ ಕೊಟ್ಟಾಗ ಕಾರ್ಬುರೇಟರ್ ಕೆಳಗಿನ ಬಟ್ಟಲು ಖಾಲಿ.

ಫುಲ್ ಟ್ಯಾಂಕಿನಲ್ಲಿ ಯಾಕೆ ಬೇಗ? ಫುಲ್ ಇದ್ದಾಗ ಮೇಲೆ ಗಾಳಿ ಇರುವ ಜಾಗ ಒಂದು ಲೋಟದಷ್ಟು. ನೀವು ನಾಲ್ಕು ಕಿಲೋಮೀಟರ್‌ಗೆ ಸುಡುವುದು 100 ಮಿಲಿ ಆಸುಪಾಸು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಪೆಟ್ರೋಲ್ ಕಮ್ಮಿಯಾದರೆ ಎಳೆತ ಜೋರು. ಟ್ಯಾಂಕ್ ಖಾಲಿ ಇದ್ದರೆ ಮೇಲೆ ನಾಲ್ಕು ಲೀಟರ್ ಗಾಳಿ ಇರುತ್ತದೆ, 100 ಮಿಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಲ್ಲಿಸಿದಾಗ ಸಂದಿಯಿಂದ ಮೆಲ್ಲಗೆ ಗಾಳಿ ಒಳಗೆ ಹೋಗುತ್ತದೆ. ನಿಮ್ಮ ಟೀ ಮಾಡುವ ರಿಪೇರಿ ಅದು.

ನಾಳೆ ಎರಡು ಕೆಲಸ ಮಾಡಿ. ಗಾಡಿ ಉಸಿರು ಕಟ್ಟಿದಾಗ ಓಡುತ್ತಿರುವಾಗಲೇ ಚೋಕ್ ಅರ್ಧ ಎಳೆಯಿರಿ, ಏನಾಗುತ್ತದೆ ನೋಡಿ. ಚೋಕ್ ಎಳೆದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ, ಇನ್ನೂ ಕೆಟ್ಟರೆ ಗಾಳಿ ಸಾಲುತ್ತಿಲ್ಲ ಅಂತ. ಆಮೇಲೆ ಆಫ್ ಮಾಡಿ, ಬೀಡಿ ಸಿಗರೇಟಿನವರನ್ನು ದೂರ ಕಳಿಸಿ, ಮುಚ್ಚಳ ತೆಗೆಯುವಾಗ ಕಿವಿ ಕೊಡಿ. ಹುಸ್ ಅಂತ ದನಿ ಬಂತಾ ಹೇಳಿ.

ಸಾಗರದ ಟೂ ಸ್ಟ್ರೋಕ್:

ಸೈಲೆನ್ಸರ್ ಒಂದು ಮರೆಯಬೇಡಿ. ನನ್ನದು ಟೂ ಸ್ಟ್ರೋಕ್ ಕಾಲ. ಆಗ ಪೆಟ್ರೋಲ್ ಜೊತೆ ಆಯಿಲೂ ಉರಿಯುತ್ತಿತ್ತು, ಎರಡು ವರ್ಷಕ್ಕೆ ಸೈಲೆನ್ಸರ್ ಒಳಗೆ ದೋಸೆ ಕಾವಲಿ ತಳದ ಹಾಗೆ ಮಸಿ. ಹೊಗೆಗೆ ದಾರಿ ಇಲ್ಲದೆ ಗಾಡಿ ಇದೇ ರೀತಿ ಬೊವ್ ಅನ್ನುತ್ತಿತ್ತು. ಬಿಚ್ಚಿ ಬೆಂಕಿಗೆ ಹಾಕಿ ಕುಟ್ಟಿದರೆ ಬೊಗಸೆ ತುಂಬಾ ಕರಿ ಉದುರುತ್ತಿತ್ತು. ಫೋರ್ ಸ್ಟ್ರೋಕಿನಲ್ಲಿ ಅಷ್ಟು ಕಟ್ಟುವುದಿಲ್ಲ. ಆದರೂ ಮೂಲೆಯಲ್ಲಿ ನಿಂತ ಗಾಡಿಯ ಸೈಲೆನ್ಸರ್ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿದ್ದನ್ನು ನಾನೇ ನೋಡಿದ್ದೇನೆ. ಸ್ಟಾರ್ಟ್ ಮಾಡಿ ಸೈಲೆನ್ಸರ್ ಹಿಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ, ಪಟಪಟ ಅಂತ ಒಂದೇ ಸಮ ಹೊಡೆಯಬೇಕು.

ಹೊಸನಗರ ಕೆಮಿಸ್ಟ್ರಿ:

ನಾನು ಮೆಕ್ಯಾನಿಕ್ ಅಲ್ಲ, ಪಾಠ ಮಾಡುವವನು. ಪೆಟ್ರೋಲಿನಲ್ಲಿ ನೀರು ಇದೆಯಾ ಅಂತಲೂ ನೋಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿಸಿದ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ. ಸ್ವಲ್ಪ ನೀರಾದರೆ ತನ್ನೊಳಗೇ ಇಟ್ಟುಕೊಂಡು ಉರಿದು ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಮಿತಿ ದಾಟಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಎಂಜಿನ್ ಎಳೆಯುವುದೂ ತಳದಿಂದಲೇ.

ಕಾರ್ಬುರೇಟರ್ ಬಟ್ಟಲಿನ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಸಡಿಲ ಮಾಡಿ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಲೋಟ ಬೇಡ, ಕೆಲವು ಪೆಟ್ರೋಲಿಗೆ ಕರಗುತ್ತವೆ. ಮತ್ತೆ, 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ರಬ್ಬರ್ ಪೈಪ್, ವಾಷರ್ ಇತ್ಯಾದಿ ಈ ಪೆಟ್ರೋಲಿಗೆ ತಕ್ಕ ಹಾಗೆ ಮಾಡಿರುತ್ತಾರೆ. ನಿಮ್ಮದು 2013ರದ್ದು, ಪೈಪನ್ನು ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಮೇಗರವಳ್ಳಿ ಮಳೆ:

ಬಂದೆ. ಪಾನಾ ಅವರೇ, ನಿಮ್ಮ ಕೈಗೆ ಒಂದು ನಮಸ್ಕಾರ.

ಆಗುಂಬೆ ಕಡೆ ಹೊರಟೆ, ಫುಲ್ ಟ್ಯಾಂಕ್. ಐದನೇ ಕಿಲೋಮೀಟರಿಗೆ ಬೊವ್. ಚೋಕ್ ಎಳೆದೆ, ಒಂದು ನೂರು ಮೀಟರ್ ಜೀವ ಬಂತು, ಆಮೇಲೆ ಹೋಯಿತು. ನಿಲ್ಲಿಸಿ ಸೀಟು ಎತ್ತಿ ಮುಚ್ಚಳ ತಿರುಗಿಸಿದೆ. ಹುಸ್ಸ್... ಅಂತ ಎರಡು ಸೆಕೆಂಡ್ ಗಾಳಿ ಒಳಗೆ ಹೋಯಿತು. ಪ್ರೆಶರ್ ಕುಕ್ಕರ್ ದನಿ, ಉಲ್ಟಾ.

ಈಗ ಬೈಯಬೇಡಿ. ನಾನು ಒಂದು ವಿಷಯ ಹೇಳಿರಲಿಲ್ಲ, ಹೇಳಬೇಕು ಅಂತಲೂ ಹೊಳೆದಿರಲಿಲ್ಲ. ಪುನರ್ವಸು ಮಳೆ ಹಿಡಿದಾಗ ಟ್ಯಾಂಕಿಗೆ ನೀರು ಹೋಗುತ್ತದೆ ಅಂತ ಅಪ್ಪಯ್ಯ ಹಾಲಿನ ಪ್ಯಾಕೆಟ್ ಕತ್ತರಿಸಿ, ತೊಳೆದು, ಎರಡು ಪದರ ಮಡಚಿ ಮುಚ್ಚಳದ ಕೆಳಗೆ ಇಟ್ಟಿದ್ದಾರೆ. ಪೆಟ್ರೋಲ್ ಹಾಕಿಸುವಾಗ ತೆಗೆದು ಕಿಸೆಗೆ ಹಾಕಿಕೊಳ್ಳುವುದು, ಆಮೇಲೆ ಮತ್ತೆ ಇಡುವುದು, ನನಗೂ ಅಭ್ಯಾಸ ಆಗಿಬಿಟ್ಟಿದೆ. ಗ್ಯಾರೇಜಿಗೆ ಬಿಡುವ ದಿನವೂ ಅದು ಅಲ್ಲೇ ಇತ್ತು. ಅವರು ಮುಚ್ಚಳ ತೆಗೆದು ನೋಡಲೇ ಇಲ್ಲವಾ, ಅಥವಾ ನೋಡಿಯೂ ನಮ್ಮ ಹಾಗೆಯೇ ಅಂದುಕೊಂಡರಾ ಗೊತ್ತಿಲ್ಲ.

ಪ್ಲಾಸ್ಟಿಕ್ ತೆಗೆದು ಮನೆಗೆ ಬಂದೆ. ದಾರಿಯಲ್ಲಿ ಒಂದು ಸಲವೂ ನಿಲ್ಲಲಿಲ್ಲ.

ಕೆಮಿಸ್ಟ್ರಿ ಸರ್, ನೀವು ಹೇಳಿದ ಹಾಗೆ ಹಳೇ ಸಾಸ್ ಬಾಟಲಿಗೆ ಇಳಿಸಿದೆ. ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಗುಂಡು, ಬಾಟಲಿ ವಾಲಿಸಿದ ಕಡೆ ಉರುಳುತ್ತದೆ. ಪಕ್ಕದಲ್ಲಿ ಎರಡು ಚೂರು ತುಕ್ಕು. ಅಪ್ಪಯ್ಯನಿಗೆ ತೋರಿಸಿದೆ. ‘ನೋಡು, ನಾನು ಹೇಳಿದ್ದೇ ಸರಿ, ನೀರು ಹೋಗ್ತಿತ್ತು’ ಅಂದರು. ಪ್ಯಾಕೆಟ್ ಮಾತಿಗೆ ಕಿವಿಯೇ ಕೊಡಲಿಲ್ಲ.

ಆದರೆ ಪೂರ್ತಿ ಸರಿ ಆಗಿಲ್ಲ. ಈಗ ನಿಲ್ಲುವುದಿಲ್ಲ, ಆದರೆ ಪಿಕಪ್ ಮಾತ್ರ ಹಾಗೇ ಇದೆ. ರೇಸ್ ಅರ್ಧಕ್ಕಿಂತ ಜಾಸ್ತಿ ತಿರುಗಿಸಿದರೆ ಮಂಕು. ಡಬಲ್ಸ್ ಹೋದರೆ ಏರು 20ರಲ್ಲಿ.

ಪಾನಾ ಹತ್ತು ಹನ್ನೆರಡು:

ನಿಮ್ಮ ಅಪ್ಪಯ್ಯ ಹೇಳಿದ್ದು ಸರಿಯೇ, ಬೈಯಬೇಡಿ. ನೀರು ಹೋಗುತ್ತಿತ್ತು, ಅದಕ್ಕೆ ಮದ್ದು ಬೇರೆ ಇದೆ. ಮುಚ್ಚಳದ ಸುತ್ತ ತಟ್ಟೆಯ ಹಾಗೆ ತಗ್ಗು ಇದೆಯಲ್ಲ, ಅದರ ಒಂದು ಬದಿಯಲ್ಲಿ ನೀರು ಹೊರಗೆ ಹೋಗಲು ತೂತು, ಅದಕ್ಕೊಂದು ಸಣ್ಣ ಪೈಪ್ ಇರಬೇಕು. ನಮ್ಮ ಕಡೆ ಕೆಂಪು ಮಣ್ಣು ಕೂತು ಅದು ಕಟ್ಟುತ್ತದೆ. ನೀರು ಅಲ್ಲೇ ಕೆರೆ ಕಟ್ಟಿ ಮುಚ್ಚಳದ ಹಳೇ ವಾಷರ್ ದಾಟಿ ಒಳಗೆ ಇಳಿಯುತ್ತದೆ. ಮುಚ್ಚಳ ಹಾಕಿಯೇ ಇಟ್ಟು ಹಿಡಿಕಡ್ಡಿ ಆಡಿಸಿ ತೂತು ಬಿಡಿಸಿ, ವಾಷರ್ ಹೊಸದು ಹಾಕಿ. ಟ್ಯಾಂಕ್ ತಳದ ನೀರೂ ಒಂದು ಸಲ ಇಳಿಸಿ ತೆಗೆಸಿ.

ಈಗ ಪಿಕಪ್. ಅದೇ ಚೋಕ್ ಪರೀಕ್ಷೆ ಮತ್ತೆ ಮಾಡಿ. ಯಾಕೆಂದರೆ ಮೊದಲ ಸಲದ ಉತ್ತರ ಟ್ಯಾಂಕಿನದ್ದು. ನಿಮ್ಮ ಹಳೇ ಪ್ಲಗ್ ಕಪ್ಪಗಿತ್ತು ಅಂದಿರಿ, ಮೈಲೇಜ್ ಇಳಿದಿದೆ ಅಂದಿರಿ. ಬರೀ ಪೆಟ್ರೋಲ್ ಸಾಲದ ಗಾಡಿಯ ಪ್ಲಗ್ ಬಿಳಿಚಿಕೊಂಡಿರುತ್ತದೆ, ಕಪ್ಪಾಗುವುದಿಲ್ಲ. ಸರಿಯಾಗಿ ಉರಿದರೆ ಒಣಗಿದ ಅಡಿಕೆ ಸಿಪ್ಪೆಯ ಬಣ್ಣ. ಎರಡು ಕಾಯಿಲೆ ಒಟ್ಟಿಗೆ ಇರುವ ಹಾಗೆ ಕಾಣುತ್ತದೆ, ಒಂದರ ಹಿಂದೆ ಇನ್ನೊಂದು ಅಡಗಿ ಕೂತಿದೆ.

ಮೇಗರವಳ್ಳಿ ಮಳೆ:

ಮಾಡಿದೆ. ಈ ಸಲ ಚೋಕ್ ಎಳೆದ ಕೂಡಲೇ ಇನ್ನೂ ಕೆಟ್ಟಿತು, ಆಫ್ ಆಗುವ ಹಾಗೆ ಆಯಿತು. ಹೊಸ ಪ್ಲಗ್ಗೂ ಕಪ್ಪಾಗಲು ಶುರುವಾಗಿದೆ. ಸೈಲೆನ್ಸರ್ ಹಿಂದೆ ಕೈ ಹಿಡಿದೆ, ಪಟಪಟ ಚೆನ್ನಾಗಿದೆ. ಹಾಗಾದರೆ ಗಾಳಿ ಸಾಲುತ್ತಿಲ್ಲವಾ? ಆದರೆ ಏರ್ ಫಿಲ್ಟರ್ ಹೊಸದು ಹಾಕಿಸಿದ್ದೇನಲ್ಲ!

ಪಾನಾ ಹತ್ತು ಹನ್ನೆರಡು:

ಫಿಲ್ಟರ್ ಹೊಸದು ಸರಿ. ಫಿಲ್ಟರಿಗೆ ಗಾಳಿ ಎಲ್ಲಿಂದ ಬರುತ್ತದೆ? ಡಬ್ಬಕ್ಕೆ ಒಂದು ಮೂಗು ಇರುತ್ತದೆ, ಬಾಡಿ ಒಳಗೆ ತೂರಿಕೊಂಡಿರುವ ಪ್ಲಾಸ್ಟಿಕ್ ಕೊಳವೆ. ಫಿಲ್ಟರ್ ಹಾಕುವವರು ನಾಲ್ಕು ಸ್ಕ್ರೂ ಬಿಚ್ಚಿ ಹೊಸದು ಕೂರಿಸಿ ಮುಚ್ಚುತ್ತಾರೆ, ಆ ಮೂಗಿನೊಳಗೆ ಯಾರೂ ಬೆರಳು ಹಾಕುವುದಿಲ್ಲ. ಡಬ್ಬದ ಮುಚ್ಚಳ ಬಿಚ್ಚಿ, ಫಿಲ್ಟರ್ ಕೈಯಲ್ಲಿ ಒತ್ತಿ ಹಿಡಿದು, ನಿಂತಲ್ಲೇ ಒಂದು ಸಲ ರೇಸ್ ಕೊಟ್ಟು ನೋಡಿ. ದನಿ ಬಿಚ್ಚಿಕೊಂಡರೆ ಮೂಗು ಕಟ್ಟಿದೆ. ದನಿ ಹಾಗೇ ಇದ್ದರೆ ಕಾರ್ಬುರೇಟರಿನ ರಬ್ಬರ್ ಡಯಾಫ್ರಮ್ ನೋಡಬೇಕು. ಅದು ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳು, ಸೂಜಿ ಮೊನೆಯಷ್ಟು ತೂತಾದರೂ ಒಳಗಿನ ಪಿಸ್ಟನ್ ಪೂರ್ತಿ ಮೇಲೇಳುವುದಿಲ್ಲ, ಪಿಕಪ್ ಸಾಯುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅಲ್ಲಿಗೆ ಹೋದರೆ ಜೆಟ್ಟಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ತಂತಿ ಚುಚ್ಚಲು ಮಾತ್ರ ಬಿಡಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲ್ ಕುಡಿಯುವುದು ನಿಲ್ಲುವುದೇ ಇಲ್ಲ.

ಮೇಗರವಳ್ಳಿ ಮಳೆ:

ಡಯಾಫ್ರಮ್ ತನಕ ಹೋಗಲೇ ಇಲ್ಲ.

ಮುಚ್ಚಳ ಬಿಚ್ಚಿ ರೇಸ್ ಕೊಟ್ಟಾಗ ಗಾಡಿ ಭರ್ ಅಂತ ಏರಿದ ದನಿಗೆ ಕೊಟ್ಟಿಗೆಯಲ್ಲಿ ಕರು ಹಾರಿತು. ಆಮೇಲೆ ಬದಿಯ ಪ್ಯಾನೆಲ್ ಬಿಚ್ಚಿ, ಮೂಗಿನೊಳಗೆ ಬೆರಳು ಹಾಕಿದರೆ ಏನೋ ಮೆತ್ತಗೆ. ಎಳೆದೆ. ಬಂತು, ಬಂತು, ಬರುತ್ತಲೇ ಇತ್ತು. ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜು, ಅಮ್ಮನ ಹಳೇ ಸೀರೆಯ ಅಂಚು, ನಡುವೆ ನಮ್ಮ ಸೊಸೈಟಿ ರಸೀದಿಯ ಒಂದು ಮೂಲೆ, ಅದರಲ್ಲಿ ‘ಒಟ್ಟು’ ಅನ್ನುವ ಅಕ್ಷರ ಮಾತ್ರ ಉಳಿದಿತ್ತು. ಎಲ್ಲವನ್ನೂ ಎಷ್ಟು ಚೆನ್ನಾಗಿ ಸುತ್ತಿ ಬಟ್ಟಲಿನ ಹಾಗೆ ಮಾಡಿತ್ತು ಅಂದರೆ ಬಿಚ್ಚಲು ಬೇಜಾರಾಯಿತು. ಮರಿ ಇರಲಿಲ್ಲ, ಪುಣ್ಯ. ಗಾಡಿ ನಿಲ್ಲಿಸುವುದು ಅಡಿಕೆ ಸಿಪ್ಪೆ ರಾಶಿಯ ಪಕ್ಕದಲ್ಲೇ, ಇಲಿಗೆ ಎರಡು ಹೆಜ್ಜೆ.

ಇವತ್ತು ಹೆಬ್ರಿಗೆ ಅಕ್ಕನ ಮನೆಗೆ ಹೋಗಿ ಬಂದೆ, ಅಪ್ಪಯ್ಯ ಹಿಂದೆ, ಮಡಿಲಲ್ಲಿ ಒಂದು ಹಲಸಿನ ಹಪ್ಪಳದ ಕಟ್ಟು. ಬರುವಾಗ ಸೋಮೇಶ್ವರದಿಂದ ಆಗುಂಬೆಗೆ 14 ತಿರುವೂ ನಿಲ್ಲಿಸದೆ ಹತ್ತಿದೆ. ಒಂದೆರಡು ತಿರುವಿನಲ್ಲಿ 25ಕ್ಕೆ ಇಳಿಯಿತು, ಆದರೆ ರೇಸ್ ಕೊಟ್ಟರೆ ಎಳೆಯಿತು, ಬೊವ್ ಇಲ್ಲ. ವಾಷರ್‌ಗೆ 40 ರೂಪಾಯಿ ಆಯಿತು, ಅಷ್ಟೇ. ತಟ್ಟೆಯ ತೂತಿನಿಂದ ಎರಡು ಚಮಚ ಕೆಂಪು ಮಣ್ಣು ಬಂತು.

ಒಂದೇ ಪ್ರಶ್ನೆ ಉಳಿದಿದೆ. ಇಲಿ ಮತ್ತೆ ಬರದ ಹಾಗೆ ಏನು ಮಾಡಲಿ?

ಗೋಪಾಳ ರೈಡರ್:

ಬೆಲ್ಟ್ ಅಂದದ್ದಕ್ಕೆ ಕ್ಷಮಿಸಿ ಬ್ರೋ 😀 ಆದರೂ 61 ಸಾವಿರಕ್ಕೆ ಒಂದು ಸಲ ನೋಡಿಸಿ.

ಪಾನಾ ಹತ್ತು ಹನ್ನೆರಡು:

ನೋಡಿಸಿ, ಅದು ಸರಿಯಾದ ಮಾತೇ. ಕಂಪನಿ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಅಂತ ಬರೆದಿರುತ್ತದೆ. ಘಾಟಿಯ ಮಧ್ಯೆ ಬೆಲ್ಟ್ ಹರಿದರೆ ತಳ್ಳಿಕೊಂಡೇ ಹೋಗಬೇಕು.

ಇಲಿಗೆ ಮೊದಲು ಗಾಡಿಯನ್ನು ಸಿಪ್ಪೆ ರಾಶಿಯಿಂದ ದೂರ ನಿಲ್ಲಿಸಿ. ಮೂಗಿನ ಬಾಯಿಗೆ ಕೋಳಿ ಗೂಡಿಗೆ ಹಾಕುವ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ, ಪೆನ್ಸಿಲ್ ಹೋಗದಷ್ಟು ಸಣ್ಣ ಕಣ್ಣು ಇರಲಿ. ಕಟ್ಟಿದ ತಂತಿಯ ಚೂರು ಒಳಗೆ ಬೀಳದ ಹಾಗೆ ನೋಡಿಕೊಳ್ಳಿ. ಬಟ್ಟೆ, ಸೊಳ್ಳೆ ಪರದೆ ಏನೂ ಬೇಡ. ಮಳೆಗಾಲದಲ್ಲಿ ಒದ್ದೆಯಾಗಿ, ಧೂಳು ಹಿಡಿದು, ಮತ್ತೆ ಮೂಗು ಕಟ್ಟುತ್ತದೆ.

ಮೇಗರವಳ್ಳಿ ಮಳೆ:

ನಿಮ್ಮ ಉತ್ತರ ಓದಿ ಹೊರಗೆ ಹೋದೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಹಳೇ ಸೊಳ್ಳೆ ಪರದೆ ಕತ್ತರಿಸುತ್ತಿದ್ದಾರೆ. ಎರಡು ಪದರ.